ಮೆಹರಬಿಯ ಮೂರನೆಯ ಡಬ್ಬಿ

ಮೆಹರಬಿ ತಂತಿಗಳಿಗೆ ಜಡೆ ಹಾಕುತ್ತಿದ್ದಳು. ರೆಕಾರ್ಡ್ ಪ್ಲೇಯರಿನದು, ಟೇಪಿನದು, ಸ್ಪೀಕರ್ ಡಬ್ಬಿಗಳದು, ಎಲ್ಲವೂ ಆಂಪ್ಲಿಫೈಯರಿನ ಬೆನ್ನು ಸೇರುವ ಮೊದಲು ನೀಟಾಗಿ ಹೆಣೆದುಕೊಂಡು, ತುದಿಗೊಂದು ಬಣ್ಣದ ನೂಲಿನ ಗೊಂಡೆ ಕಟ್ಟಿಸಿಕೊಂಡಿರುತ್ತಿದ್ದವು. ತನ್ನ ತಲೆಗೂದಲಿಗೆ ಅವಳು ಅಷ್ಟು ಕಾಳಜಿ ಮಾಡಿದ್ದನ್ನು ನಾನು ಕಾಣೆ.

ರಾಯಚೂರಿನ ನಮ್ಮ ಓಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಗಂಡ ದುಬೈಯಲ್ಲಿದ್ದ. ಊರಿಗೆ ಬರುವವರ ಕೈಲಿ ಒಂದು ಸಲ ರೆಕಾರ್ಡ್ ಪ್ಲೇಯರು, ಮತ್ತೊಂದು ಸಲ ಟೇಪು, ಆಮೇಲೆ ಆಂಪ್ಲಿಫೈಯರು, ಹೀಗೆ ಬಿಡಿಬಿಡಿಯಾಗಿ ಕಳಿಸುತ್ತಿದ್ದ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಮೆಹರಬಿ ತಾನೇ ಚಾಪೆ ಹಾಸಿಕೊಂಡು ಕೂತು, ಚುಚ್ಚಿ, ಕಿತ್ತು, ಕಿವಿಗೊಟ್ಟು ಕಲಿತಳು. ಕಲಿತದ್ದನ್ನು, ಆಂಪ್ಲಿಫೈಯರಿನ ಬೆನ್ನಿನ ತೂತುಗಳನ್ನು ತೋರಿಸುತ್ತ, ನನಗೆ ಸಂಸಾರದ ಲೆಕ್ಕದಲ್ಲಿ ಹೇಳುತ್ತಿದ್ದಳು.

"ನೋಡ್ರಿ ಅಕ್ಕಾ, ಈ ರೆಕಾರ್ಡ್ ಪ್ಲೇಯರ್ ಹೊಸ ಸೊಸಿ ಇದ್ದಂಗ. ದನಿ ಸಣ್ಣದು. ಆಕಿಗೆ ಬ್ಯಾರೆ ಖೋಲಿನೇ ಕೊಡಬೇಕು. ಟೇಪು ಅತ್ತಿ. ಸೊಸಿ ಖೋಲಿಗೆ ಅತ್ತೀನ ಬಿಟ್ರಿ ಅಂದ್ರ ಏನಾಗ್ತದ?"

"ಏನಾಗ್ತದ?"

"ಮನಿ ಹಾರಿ ಹೋಗೋ ಹಂಗ ಚೀರ್ತದ!"

ರೆಕಾರ್ಡ್ ಪ್ಲೇಯರಿನ ಹಿಂದೆ ಬಾಲದಂತಹ ಒಂದು ಸಣ್ಣ ತಂತಿ ಇತ್ತು. ಅದನ್ನು ಆಂಪ್ಲಿಫೈಯರಿನ ತಿರುಪಿಗೆ ಬಿಗಿಯದಿದ್ದರೆ ಹಾಡಿನ ಕೆಳಗೆ ಗುಂಯ್ ಎಂಬ ಸದ್ದು. "ಸೊಸಿ ಗೊಣಗಾಕತ್ಯಾಳ" ಎಂದು ನಗುತ್ತ ಬಿಗಿಯುತ್ತಿದ್ದಳು. ಅವಳ ಕಿವಿ ಅಂಥದ್ದು. ನಮ್ಮ ಮನೆಯಲ್ಲಿ ಹೆಂಗಸರು ಕೂಡಿ ಹಾಡಿದರೆ ಯಾರ್ಯಾರ ದನಿ ಎಂದು ತನ್ನ ಒಲೆಯ ಮುಂದೆ ಕೂತೇ ಹೇಳುತ್ತಿದ್ದಳು. "ಅಕ್ಕಾ, ಇವತ್ತು ನಿಮಗ ನೆಗಡಿ ಆಗ್ಯದಲ್ಲ?"

ಹೆಮ್ಮೆಯೂ ಇತ್ತು ಅವಳಿಗೆ. "ನಮ್ಮೋರು ಅಲ್ಲಿ ಆಫೀಸಿನಾಗ ಕುರ್ಚಿ ಮ್ಯಾಲೆ ಕೂಡ್ತಾರ್ರಿ. ಎಲ್ಲಾ ಅಂಗಡ್ಯಾಗಿಂದ ಹೊಸಾದು ತಗೊಂಡು ಕಳಿಸ್ತಾರ." ನಳದ ಹತ್ತಿರ ಇದನ್ನು ಹೇಳಿದಾಗಲೆಲ್ಲ ಓಣಿಯ ತುದಿಯ ಮನೆಯ ಶಂಕ್ರಮ್ಮ ಕೊಡ ತಿರುಗಿಸುತ್ತ, "ನಮ್ಮೋರು ಇಲ್ಲೇ ಕಟ್ಟಿ ಮ್ಯಾಲೆ ಕೂಡ್ತಾರವ್ವಾ, ಒಂದು ಸೂಜಿನೂ ತರಂಗಿಲ್ಲ" ಎನ್ನುತ್ತಿದ್ದಳು. ಮೆಹರಬಿಯೂ ನಗುತ್ತಿದ್ದಳು. ಆ ಕುರ್ಚಿಯ ಮಾತಿನ ಮೇಲೆಯೇ ಓಣಿಯಲ್ಲಿ ಅವಳ ಮಾನ ನಿಂತಿತ್ತು.

ಗಂಡ ಕಾಗದ ಬರೆಯುತ್ತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಅದು ಬಂದ ದಿನ ಅವಳು ಬಾಗಿಲು ಮುಂದೆ ಮಾಡಿ, ದನಿ ಇಳಿಸಿ, ಡಬ್ಬಿಗೆ ಕಿವಿ ಹಚ್ಚಿ ಕೂಡುತ್ತಿದ್ದಳು.

ನಮ್ಮ ನಾದಿನಿಯನ್ನು ದೇವದುರ್ಗಕ್ಕೆ ಕೊಟ್ಟಾಗ ಅರಿಶಿಣದ ದಿನ ಹಾಡು ಬೇಕೆಂದು ನಮ್ಮತ್ತೆಯೇ ಅವಳನ್ನು ಕೇಳಿದರು. ಮೆಹರಬಿ ತನ್ನ ಎರಡು ಡಬ್ಬಿಗಳ ಜೊತೆಗೆ ಮೂರನೆಯದೊಂದನ್ನು ಜೋಡಿಸಿ, ಕಿಟಕಿಯಿಂದ ಕಿಟಕಿಗೆ ಓಣಿಯ ಮೇಲೆ ತಂತಿ ಎಳೆದು, ನಮ್ಮ ಪಡಸಾಲೆಯಲ್ಲಿ ತಂದಿಟ್ಟಳು. ತಂತಿಯ ತುದಿಗೆ ಕೆಂಪು ಗೊಂಡೆ. "ಅರಿಶಿಣದ ಒದ್ದಿ ಕೈಲೆ ಯಾರೂ ಇದನ್ನ ಮುಟ್ಟಬ್ಯಾಡ್ರಿ ಮತ್ತ" ಎಂದು ಎಲ್ಲರಿಗೂ ತಾಕೀತು ಮಾಡಿ ಹೋದಳು. ಹಾಡು ಹಾಕುವುದು, ತಿರುವುವುದು ಎಲ್ಲ ಅವಳ ಮನೆಯಿಂದ.

ಮಧ್ಯಾಹ್ನ ರೆಕಾರ್ಡಿನ ಒಂದು ಮಗ್ಗುಲು ಮುಗಿಯಿತು. ಅದೇ ಹೊತ್ತಿಗೆ ದುಬೈಯಿಂದ ಬಂದ ಗುಂಜಹಳ್ಳಿಯವನೊಬ್ಬ ಅವಳ ಬಾಗಿಲಲ್ಲಿ ಕ್ಯಾಸೆಟ್ ಕೊಟ್ಟು ಹೋದದ್ದನ್ನು ಕಿಟಕಿಯಿಂದ ಕಂಡೆ. ತಿಂಗಳುಗಟ್ಟಲೆ ಕಾದ ದನಿ. ಮೊದಲು ನಮ್ಮ ಮನೆಯ ತಂತಿ ಕೀಳಬೇಕು, ಆಮೇಲೆ ಕ್ಯಾಸೆಟ್ ಹಾಕಬೇಕು. ಅಷ್ಟು ಜೋಡಣೆ ಬಲ್ಲವಳು ಅದೊಂದನ್ನು ಮರೆತಳು.

ನಮ್ಮ ಪಡಸಾಲೆಯ ಡಬ್ಬಿಯಿಂದ ಗಂಡಸಿನ ದನಿ ಬಂತು, ಸಣ್ಣಗೆ, ಆದರೆ ಮಾತು ಮಾತೂ ತಿಳಿಯುವಂತೆ. ದಖನಿ ಉರ್ದುವಿನಲ್ಲಿ. ನಮ್ಮ ಓಣಿಯಲ್ಲಿ ದಖನಿ ತಿಳಿಯದವರು ಯಾರು? ನಮ್ಮ ಮಾತಿನಲ್ಲಿ ಹೇಳಿದರೆ ಹೀಗಿತ್ತು:

"ಮೆಹರೂ, ನಿನ್ನ ಮುಂದ ಎಷ್ಟು ದಿನಾಂತ ಸುಳ್ಳು ಹೇಳಲಿ? ನನಗ ಆಫೀಸೂ ಇಲ್ಲ, ಕುರ್ಚೀನೂ ಇಲ್ಲ. ಒಬ್ಬ ಸೇಠನ ಮನ್ಯಾಗ ಭಾಂಡೆ ತಿಕ್ಕಾಕತ್ತೀನಿ. ನಾ ಕಳಿಸಿದ್ದೆಲ್ಲಾ ಅವರು ಹಳೇದಾತು ಅಂತ ಹೊರಗಿಟ್ಟಿದ್ದು. ನಾನೇ ಒರೆಸಿ, ಡಬ್ಬಿ ಕಟ್ಟಿ ಕಳಿಸೀನಿ. ಯಾರ ಮುಂದೂ ಹೇಳಬ್ಯಾಡ..."

ಮನೆ ತುಂಬ ಹೆಂಗಸರು. ಅರಿಶಿಣದ ಕೈಗಳು ಇದ್ದಲ್ಲೇ ನಿಂತವು. ಒದ್ದೆ ಕೈಲೆ ಮುಟ್ಟಬೇಡಿ ಎಂದವಳು ಅವಳೇ ಅಲ್ಲವೇ? ಯಾರೂ ಮುಟ್ಟಲಿಲ್ಲ. ಬಾಗಿಲಾಚೆ ಹೋಗಿ ಕೂಗಿ ಹೇಳಲೂ ಯಾರೂ ಏಳಲಿಲ್ಲ. ಶಂಕ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ದನಿ ಅಳತೊಡಗಿತು.

ಆಗ ನಮ್ಮತ್ತೆ ಇದ್ದಕ್ಕಿದ್ದಂತೆ ಸೋಬಾನೆ ಎತ್ತಿಕೊಂಡರು. ಹಾಡುವ ಹೊತ್ತೂ ಅಲ್ಲ, ಅವರಿಗೆ ಆ ಎತ್ತರದ ದನಿಯೂ ಇರಲಿಲ್ಲ. ನಮ್ಮೆಲ್ಲರನ್ನೂ ಕಣ್ಣಲ್ಲೇ ಗದರಿದರು. ಇಬ್ಬರು ಮೂವರು ದನಿಗೂಡಿಸಿದರು. ಹಾಡು ಓಣಿ ದಾಟಿರಬೇಕು. ಮೆಹರಬಿ ಕಿಟಕಿಗೆ ಬಂದಳು. ನಮ್ಮ ಮುಖಗಳನ್ನು ನೋಡಿದಳು, ಆಮೇಲೆ ತಂತಿಯನ್ನು ನೋಡಿದಳು. ಡಬ್ಬಿ ಸುಮ್ಮನಾಯಿತು.

ಸಂಜೆ ಅವಳು ಬರಲಾರಳು ಎಂದುಕೊಂಡಿದ್ದೆ. ಬಂದಳು. ಮದುಮಗಳಿಗೆ ಬಳೆ, ಸಕ್ಕರೆ ತಂದಿದ್ದಳು. ತಂತಿಯನ್ನು ಮೊಣಕೈಗೆ ಸುತ್ತಿಕೊಳ್ಳುವಾಗ ಅತ್ತೆ ಅಂದರು: "ನಿನ್ನ ಡಬ್ಬಿ ನಡುವೇ ಬಂದ್ ಆತಲ್ಲ ಯವ್ವಾ. ನಮಗ ಏನೂ ಕೇಳಿಸಲಿಲ್ಲ ನೋಡು."

"ಹೌದ್ರೀ ಯವ್ವಾ. ತಂತಿ ಸಡ್ಲಾಗಿತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾರನೆಯ ದಿನ ನಳದ ಹತ್ತಿರ ಶಂಕ್ರಮ್ಮ "ಏನ್ ಬೇಗಂ, ಹಳೇ ಸೆಟ್ಟು ಚಲೋ ಬಡಿತದಲ್ಲ!" ಎಂದಾಗ ಅತ್ತೆ ಅಲ್ಲಿರಲಿಲ್ಲ. ಮೆಹರಬಿ ಕೊಡ ಅರ್ಧ ತುಂಬಿದಾಗಲೇ ಎತ್ತಿಕೊಂಡು ಹೋದಳು. ಆ ಮನೆಯಿಂದ ಮತ್ತೆ ಹಾಡು ಕೇಳಲಿಲ್ಲ. ಗಂಡ ಬಂದ ಮೇಲೆ ಅವರು ಮಾನ್ವಿಗೆ ಹೋದರು.

ಎಷ್ಟೋ ವರ್ಷಗಳ ಮೇಲೆ, ನಮ್ಮತ್ತೆ ತೀರಿಕೊಂಡ ನಂತರ, ಹಿರೇಕೊಟ್ನೆಕಲ್ಲಿಗೆ ಹೋಗುವಾಗ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನ ಗುರುತು ಹಿಡಿದು ಮನೆಗೆ ಕರೆದೊಯ್ದಳು. ಗಂಡ ಚಹಾ ಮಾಡಿಕೊಟ್ಟು, ಕುಡಿದ ಕಪ್ಪುಗಳನ್ನು ತಾನೇ ತೊಳೆದಿಟ್ಟ. ಮೂಲೆಯಲ್ಲಿ ಅದೇ ಸೆಟ್ಟು. ಜಡೆ, ಗೊಂಡೆ ಎಲ್ಲ ಹಾಗೇ. ಡಬ್ಬಿ ಮಾತ್ರ ಎರಡೇ.

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಅತ್ತೆ ತೀರಿಕೊಂಡ ಸುದ್ದಿಯನ್ನು ದಾರಿಯಲ್ಲಿ ಹೇಳಿದೆ.

"ಯವ್ವಾರು ಅವತ್ತು ಹಾಡಿದ್ದು ನನಗಿನ್ನೂ ಕಿವ್ಯಾಗ ಅದ ಅಕ್ಕಾ. ದನಿ ಒಡದಿತ್ತು, ಆದ್ರೂ ಬಿಡ್ಲಿಲ್ಲ." ಆಮೇಲೆ ಅಂದಳು: "ನಿಮ್ಮ ದನಿ ಅದರಾಗ ಇರ್ಲಿಲ್ಲ."

ಬೈದಂತೆ ಅನ್ನಲಿಲ್ಲ. ನೆಗಡಿ ಆಗಿದೆಯೇ ಎಂದು ಕೇಳುತ್ತಿದ್ದಳಲ್ಲ, ಹಾಗೆಯೇ ಅಂದಳು.

"ಬಸ್ಸು ಬಂತು ಮೆಹರಬಿ" ಎಂದು ನಾನು ಚೀಲ ಎತ್ತಿಕೊಂಡೆ. ಬಸ್ಸು ಇನ್ನೂ ಬಂದಿರಲಿಲ್ಲ.