ಮುತ್ಯಾನ ‘ಬರ್ತೀನಿ’

ದೆವ್ವ, ಭೂತ ಎಂದರೆ ನಗುತ್ತಿದ್ದವನು ನಾನು. ನಗುವುದೇನು, ನಲವತ್ತು ಸೆಕೆಂಡಿನ ದೆವ್ವವೊಂದನ್ನು ನಾನೇ ತಯಾರು ಮಾಡಿದ್ದೆ. ಹೋದ ವರ್ಷ ನಡೆದದ್ದನ್ನು ಹೇಳಿದರೆ ನೀವೂ ನಗಬಹುದು. ನಗಿ. ಅರ್ಧದವರೆಗೆ ನಾನೂ ನಗುತ್ತೇನೆ.

ಶಹಾಬಾದಿನ ನಮ್ಮ ಕಾಲೇಜಿನಲ್ಲಿ ಮೇಡಂ ಕಥನ ಸಿದ್ಧಾಂತ ಕಲಿಸಿದ್ದರು. ಕಥೆಯಲ್ಲಿ ಮೊದಲು ನೆಮ್ಮದಿ ಇರುತ್ತದೆ, ಖಳ ಬಂದು ಕೆಡಿಸುತ್ತಾನೆ, ನಾಯಕ ಹೆಣಗಾಡಿ ಹೊಸ ನೆಮ್ಮದಿ ತರುತ್ತಾನೆ. ಟ್ರೇಲರ್ ಮಾತ್ರ ಕೆಟ್ಟಲ್ಲಿಗೇ ನಿಲ್ಲಬೇಕು, ಕೊನೆಯದನ್ನು ಬಚ್ಚಿಡಬೇಕು. ಈ ಪ್ರಕಾರ ಟ್ರೇಲರ್ ಮಾಡಿ ತರಗತಿಯಲ್ಲಿ ವಿವರಿಸಿದರೆ ಅಂಕ.

ನಮ್ಮ ಕ್ಯಾಮೆರಾ ಎಂದರೆ ಗೆಳೆಯ ಮಹಬೂಬನ ಅಕ್ಕನ ಮೊಬೈಲು. ನಿರ್ದೇಶಕ ನಾನು, ನಾಯಕನೂ ನಾನು. ಹೀಗಾಗಿ ನಿರ್ದೇಶಕರಿಗೆ ನಾಯಕನ ಮೇಲೆ ವಿಪರೀತ ಅಭಿಮಾನ. ಸಹಾಯಕನ ಪಾತ್ರಕ್ಕೆ ಒಂದು ಹೋತ ಸಿಕ್ಕಿತು; ಅದು ಚಿತ್ರಕಥೆಯನ್ನೇ ಅರ್ಧ ತಿಂದು ಹಾಕಿತು. ಸಿಗದೆ ಉಳಿದವನು ಖಳ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಹತ್ತಿರ ಹಣಮಂತ ಮುತ್ಯಾ ಕಂಡರು. ಕಲ್ಲು ಕಡಿಯುವ ಮುದುಕರು. ತಲೆಯಿಂದ ಕಾಲಿನವರೆಗೆ ಬೂದು ಧೂಳು, ನಡುವೆ ಎರಡು ಕೆಂಪು ಕಣ್ಣು. ಮೇಕಪ್ಪೇ ಬೇಕಿರಲಿಲ್ಲ.

“ಹುಡುಗೂರಾ, ಬಿಸಲಾಗ ಏನ್ ಕುಣಿಲಿಕತ್ತೀರಿ? ನೀರು ಕುಡೀರಿ ಬರ್ರಿ,” ಎಂದು ತಮ್ಮ ಬಾಟಲಿ ಕೊಟ್ಟರು. ಕುಡಿದೆವು. ಮಹಬೂಬ ಅವರನ್ನು ಕೇಳದೆಯೇ ಚಿತ್ರೀಕರಿಸುತ್ತಿದ್ದ. ಸಂಜೆ ಊಟದ ಡಬ್ಬಿ ಹಿಡಿದು ಎದ್ದವರು ನಮ್ಮ ಕಡೆ ತಿರುಗಿ, “ಬರ್ತೀನಿ. ಮಮ್ಮಗಳು ಹಾದಿ ನೋಡ್ತಿರ್ತಾಳ,” ಎಂದರು.

ಹೊರಡುವವರು ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು. ಉಳಿದವರು ‘ಹೋಗಿ ಬಾ’ ಎನ್ನಬೇಕು. ಅನ್ನಬೇಕಾದ ನಾವು ಮೊಬೈಲಿನೊಳಗೆ ತಲೆ ಹಾಕಿದ್ದೆವು.

ಮನೆಗೆ ಬಂದು ಆ ಒಂದೇ ಪದ ಕತ್ತರಿಸಿಕೊಂಡೆ. ದನಿ ನಿಧಾನ ಮಾಡಿ, ಬಾವಿಯೊಳಗಿಂದ ಬಂದಂತೆ ಮಾಡಿದೆ: “ಬ...ರ್ತೀ...ನಿ.” ಆಮೇಲೆ ಮೂರು ಸೆಕೆಂಡು ಬರೀ ಕಪ್ಪು, ಶಬ್ದವಿಲ್ಲ. ರೀಲ್ ಮಾಡಿ ಹಾಕಿದೆ. ವಾಡಿ, ಚಿತ್ತಾಪುರ, ಸೇಡಂ ಸುತ್ತಿ, ಚಿಂಚೋಳಿಯ ಸೋದರಮಾವನಿಂದ ನನಗೇ ವಾಪಸ್ ಬಂತು. “ಒಬ್ಬನೇ ನೋಡಬ್ಯಾಡ” ಎಂಬ ಎಚ್ಚರಿಕೆ ಬೇರೆ.

“ಲೇ, ಮುತ್ಯಾನ ನೋಡಿ ಅವರ ಓಣಿ ಹುಡುಗೂರು ಓಡ್ಲಿಕತ್ತಾವಂತ. ತೆಗಿ ಅದನ್ನ,” ಎಂದ ಮಹಬೂಬ.

“ತಡಿಯಲೇ, ಮಾರ್ಕ್ಸ್ ಬೀಳ್ಲಿ. ಆಮ್ಯಾಲ ತೆಗಿತೀನಿ.”

ಈ ಮಾತನ್ನು ಬಿಟ್ಟು ಬರೆಯಬಹುದಿತ್ತು. ಬಿಟ್ಟಿಲ್ಲ.

ತರಗತಿಯ ದಿನ, ಮಧ್ಯಾಹ್ನ, ಪರದೆಯ ಮೇಲೆ ಮುತ್ಯಾನ ಮುಖ ನಿಲ್ಲಿಸಿ ‘ಇವನೇ ಖಳ’ ಎಂದು ಕೋಲಿನಿಂದ ತೋರಿಸಿದೆ. ಟ್ರೇಲರ್ ಓಡಿತು. ಹುಡುಗಿಯರು ಚೀರಿದರು. ನಾನು ಅಂಗಿಯ ಕಾಲರ್ ಎತ್ತಿಕೊಂಡೆ. ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಮುತ್ಯಾನ ದನಿ ಕೇಳಿತು. ನಾನು ಮಾಡಿದ ದನಿಯಲ್ಲ, ಅವರ ಸಾದಾ ದನಿ:

“ಬರಬ್ಯಾಡಂದ್ರ ಬರಲ್ಲ ಯವ್ವಾ. ಅಳಬ್ಯಾಡ.”

ತರಗತಿ ಗೊಳ್ಳೆಂದು ನಕ್ಕಿತು. “ಯಾರದು ಈಗ ನನಗ ಯವ್ವಾ ಅಂದದ್ದು?” ಎಂದರು ಮೇಡಂ. ಮಹಬೂಬ ನನ್ನ ಮುಖ ನೋಡಿದ. ಮತ್ತೆ ಹಾಕಿದೆ. ಮೂರು ಸೆಕೆಂಡು ಮೌನ. ಇನ್ನೊಮ್ಮೆ. ಮೌನವೇ.

ಅಂಕಕ್ಕೂ ಕಾಯದೆ, ಮಹಬೂಬ ಹೇಳಿದ್ದ ಓಣಿ ಹುಡುಕಿ ಮುತ್ಯಾನ ಮನೆಗೆ ಓಡಿದೆ. ಬಾಗಿಲು ಮುಚ್ಚಿತ್ತು. ಹೊರಗೆ ಚಪ್ಪಡಿಯ ಮೇಲೆ ಅವರು ಕೂತಿದ್ದರು. ಪಕ್ಕದಲ್ಲಿ ಸೊಸೆ ನಿಂತಿದ್ದಳು.

“ಯಾರೋ ಹಾಳಾದವರು ವಿಡಿಯೋ ಮಾಡ್ಯಾರ ತಮ್ಮಾ. ಅದನ್ನ ನೋಡಿ ನನ್ನ ಮಗಳು ಮುತ್ಯಾನ ಹತ್ರ ಹೋಗಲ್ಲಂತಾಳ. ಇವತ್ತ ಇವರು ಮನಿಗೆ ಊಟಕ್ಕ ಬಂದ್ರ ಒಳಗಿಂದ ಚಿಲಕಾ ಹಾಕ್ಕೊಂಡಾಳ. ಇವರು ‘ಬರಬ್ಯಾಡಂದ್ರ ಬರಲ್ಲ ಯವ್ವಾ, ಅಳಬ್ಯಾಡ’ ಅಂತ ಹೊರಗೇ ಕುಂತಾರ.”

“ಯಾವಾಗ್ರಿ?”

“ಈಗ, ಅರ್ಧಾ ತಾಸಾಯ್ತು.”

ಮಾಡಿದವನು ನಾನೇ ಎಂದೆ. ಸೊಸೆ ಬೈಯುವ ಮೊದಲೇ ಮುತ್ಯಾ ಕಣ್ಣು ಕಿರಿದು ಮಾಡಿ, “ನೀ ಅವತ್ತ ನೀರು ಕುಡದ ಹುಡುಗ ಅಲ್ಲೇನು?” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಮೊಬೈಲಿನಲ್ಲಿದ್ದ ಕತ್ತರಿಸದ ವಿಡಿಯೋವನ್ನು ಕಿಟಕಿಗೆ ಹಿಡಿದೆ. “ಬರ್ತೀನಿ. ಮಮ್ಮಗಳು ಹಾದಿ ನೋಡ್ತಿರ್ತಾಳ.” ಒಳಗಿನ ಅಳು ನಿಂತಿತು. ಎಷ್ಟೋ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು. ಹುಡುಗಿ ಹೊರಗೆ ಬರಲಿಲ್ಲ. ರೊಟ್ಟಿಯ ತಟ್ಟೆ ಮಾತ್ರ ಹೊರಗೆ ತಳ್ಳಿದಳು. ಮುತ್ಯಾ ಹೊಸ್ತಿಲ ಈಚೆಯೇ ಕೂತು ಉಂಡರು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. “ಸುಮ್ಕ ಹೋಗಬಾರ್ದಪಾ,” ಎಂದರು ಮುತ್ಯಾ. “ಬರ್ತೀನಿ ಅನ್ನು.”

“ಬರ್ತೀನಿ,” ಎಂದೆ.

“ಹೋಗಿ ಬಾ.”

ಆ ದನಿ ನಮ್ಮ ತರಗತಿಗೆ ಹೇಗೆ ಬಂತು, ಮೇಡಂಗೂ ಹೇಗೆ ಕೇಳಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಟ್ರೇಲರನ್ನು ಅಂದೇ ಅಳಿಸಿದೆ. ಮೊನ್ನೆ ಕುರಕುಂಟಾದ ಯಾರೋ ಅದನ್ನೇ ಮತ್ತೆ ಕಳಿಸಿದ್ದರು. ಕೊನೆಯ ಕಪ್ಪಿನವರೆಗೂ ಕಿವಿಗೊಟ್ಟು ಕೇಳಿದೆ. ಏನೂ ಇರಲಿಲ್ಲ.