ಟೈಲರಕ್ಕನ ಸಣ್ಣ ನೀರುಳ್ಳಿ

ಪುತ್ತೂರಿನಲ್ಲಿ ನಮ್ಮ ಬಾಡಿಗೆಮನೆಯ ಪಕ್ಕದಲ್ಲಿದ್ದವರನ್ನು ಎಲ್ಲರೂ ಟೈಲರಕ್ಕ ಎನ್ನುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅವರು ತಾರಸಿಯಲ್ಲಿ ಸಿಮೆಂಟ್ ಚೀಲಗಳಿಗೆ ಮಣ್ಣು ತುಂಬಿ ಸಣ್ಣ ನೀರುಳ್ಳಿ ನೆಡುತ್ತಿದ್ದರು. ಬೆಳಿಗ್ಗೆ ಹೊಲಿಗೆಗೆ ಕೂರುವ ಮೊದಲು ಬೆರಳಿನಿಂದ ಮಣ್ಣು ಒತ್ತಿ ನೋಡುವರು. ತೇವವಿದ್ದರೆ ನೀರು ಹಾಕರು. ಎಲೆ ಹಳದಿಯಾಗಿ ಬಾಗಿದ ಮೇಲೆ ಕಿತ್ತು, ಒಣಗಿಸಿ, ಸಿಪ್ಪೆ ಸುಲಿದು ಉಪ್ಪಿನಕಾಯಿ ಹಾಕುವರು. ಯಾರಾದರೂ ಸ್ವಲ್ಪ ಕೇಳಿದರೆ, “ಅದು ಇವರಿಗೆ ಮಾರಾಯ್ತಿ,” ಎನ್ನುವರು. ಗಂಡ ದುಬೈಯಲ್ಲಿ ಡ್ರೈವರ್. ರಜೆಯಲ್ಲಿ ಬಂದರೆ ಊಟಕ್ಕೆ ಅದು ಬೇಕೇ ಬೇಕು.

ಒಂದು ವರ್ಷ ಉಪ್ಪಿನಕಾಯಿ ಹದಕ್ಕೆ ಬಂದಾಗ, ರಜೆ ಸಿಗಲಿಲ್ಲವೆಂದು ಗಂಡನ ಫೋನ್ ಬಂತು. ಮರುವರ್ಷವೂ ಹಾಗೆಯೇ ಆಯಿತು. ಫೋನ್ ಬಂದ ಮಧ್ಯಾಹ್ನ ಟೈಲರಕ್ಕ ನನ್ನನ್ನು ಕರೆದು ಗಂಜಿ ಬಡಿಸಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದರು. ತಾವೂ ಒಂದು ನೀರುಳ್ಳಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಅವರು ಅದನ್ನು ತಿಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಹೇಗುಂಟು ಅಕ್ಕ?” ಎಂದೆ.

“ಇವರಿಗೆ ಖಾರ ಆಗುದಿಲ್ಲ ಅಂತ ಇಷ್ಟು ವರ್ಷ ಮೆಣಸು ಕಮ್ಮಿ ಹಾಕಿದ್ದು. ನನಗೆ ಇದು ಸಪ್ಪೆ.”

ಊಟ ಮುಗಿಸಿ ಕೈ ತೊಳೆದವರೇ ಒಂದು ಹಿಡಿ ಗಾಂಧಾರಿ ಮೆಣಸು ಜಜ್ಜಿ, ಬಾಟಲಿಗೆ ಸುರಿದು ಕುಲುಕಿದರು.