ಮಿಶ್ರಿ ಡಬ್ಬಿ ಮತ್ತು ವಿಜ್ಞಾನದ ಅಕ್ಕೋರು

ನಮ್ಮ ವಿಜ್ಞಾನದ ಅಕ್ಕೋರು ನೆಲಕ್ಕೆ ಕೂತರೆ ಅವರ ಎರಡೂ ಮೊಣಕಾಲು ಲಟಕ್ ಎನ್ನುತ್ತಿದ್ದವು. ಹಿಂದಿನ ಸಾಲಿನವರೆಗೂ ಕೇಳಿಸುತ್ತಿತ್ತು. ಆದರೂ ಕೂತ ಹುಡುಗಿಯನ್ನು ಅವರು ನಿಂತು ಮಾತಾಡಿಸಿದ್ದನ್ನು ನಾನು ನೋಡಿಲ್ಲ. ಮೋರಟಗಿ ಹತ್ತಿರದ ನಮ್ಮೂರ ಹೈಸ್ಕೂಲಿಗೆ ತಾಳಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕರ್ಚೀಫಿನಲ್ಲಿ ದಾರಿಯಲ್ಲಿ ಸಿಕ್ಕ ಏನಾದರೊಂದು ಇರುತ್ತಿತ್ತು: ಹಾವಿನ ಪೊರೆ, ತೂತು ಬಿದ್ದ ತೊಗರಿಕಾಯಿ. ನಾವು ಏನಾದರೂ ಕೇಳಿದರೆ, "ನನಗೂ ಗೊತ್ತಿಲ್ಲವ್ವಾ, ನೋಡೂಣು" ಎನ್ನಲು ಅವರಿಗೆ ನಾಚಿಕೆಯಿರಲಿಲ್ಲ.

ನಾನಾಗ ಒಂಬತ್ತನೆಯ ತರಗತಿ. ಅಪ್ಪ, ಅವ್ವ ದುಡಿಯಲು ಗೋವಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ನಾನು ಅಜ್ಜಿಯ ಹತ್ತಿರ ಇದ್ದೆ, ಆಯಿ ಎನ್ನುತ್ತಿದ್ದೆ. ಅವರು ಊರು ಬಿಟ್ಟ ವರ್ಷವೇ ನಾನು ಹಲ್ಲುನೋವೆಂದು ಅತ್ತಾಗ, ಆಯಿ ತನ್ನ ಮಿಶ್ರಿಯನ್ನು, ಅಂದರೆ ಹುರಿದು ಪುಡಿ ಮಾಡಿದ ತಂಬಾಕನ್ನು, ನನ್ನ ಒಸಡಿಗೂ ಹಚ್ಚಿದ್ದಳು. ನೋವು ಹೋದ ಮೇಲೂ ನಾನು ಕದ್ದು ಹಚ್ಚಿಕೊಳ್ಳುತ್ತಿದ್ದೆ. ಬರಬರುತ್ತ ಅದಿಲ್ಲದಿದ್ದರೆ ಕೈ ನಡುಗತೊಡಗಿತು. ಸುಮ್ಮನೆ ಕೂತಲ್ಲೇ ಎದೆ ಹೊಡೆದುಕೊಳ್ಳುತ್ತಿತ್ತು, ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ತಲೆತಿರುಗಿ ಬಿದ್ದೆ. ಕಿಸೆಯಿಂದ ಮಿಶ್ರಿ ಡಬ್ಬಿ ಉರುಳಿತು. ಟಿ.ಸಿ. ಕೊಟ್ಟು ಕಳಿಸುತ್ತೇನೆಂದರು ಹೆಡ್‌ಮಾಸ್ತರು. "ಇಕಿನ್ನ ನೋಡಿ ಉಳದ ಹುಡುಗ್ಯಾರೂ ಕೆಡ್ತಾರ."

"ಹೊರಗ ಹಾಕಿದ್ರ ಸಾಲಿ ಹೋಗತೈತ್ರಿ ಸರ್, ಚಟಾ ಹೋಗತೈತೇನ್ರಿ?" ಎಂದರು ಅಕ್ಕೋರು. "ನನಗ ಒಂದ್ ತಿಂಗಳು ಕೊಡ್ರಿ."

ಶಾಲೆ ಬಿಟ್ಟರೆ ಮುಂದೆ ಮದುವೆಯೇ ಎಂದು ಅಕ್ಕೋರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೆಡ್‌ಮಾಸ್ತರು ಹೂಂ ಎಂದ ಮೇಲೆ ಅಕ್ಕೋರು ನನ್ನನ್ನು ಲ್ಯಾಬಿಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ ನನ್ನೆದುರು ನೆಲಕ್ಕೆ ಕೂತರು. ಬೈಯುತ್ತಾರೆಂದು ಕಾದೆ.

"ಅದನ್ನ ಹಚ್ಚಿಕೊಂಡ್ರ ಏನಾಗತೈತಿ? ಖರೇನ ನನಗ ಗೊತ್ತಿಲ್ಲ, ಹೇಳು."

"ಎದಿ ಹೊಡಕೊಳ್ಳೂದು ನಿಂದರತೈತ್ರಿ."

"ಎಷ್ಟೊತ್ತು?"

"ತುಸು ಹೊತ್ರಿ. ಆಮ್ಯಾಲೆ ಮತ್ತ ಹೊಡಕೋತೈತ್ರಿ."

"ಯಾವಾಗಿಂದ ಹಿಂಗ?"

ಹೇಳಲು ಹೋಗಿ ಅತ್ತುಬಿಟ್ಟೆ. ಎದೆ ಹಾಗೆ ಹೊಡೆದುಕೊಳ್ಳತೊಡಗಿದ್ದು ಅವ್ವ ಗೋವಾದ ಬಸ್ಸು ಹತ್ತಿದ ದಿನದಿಂದ ಎಂಬುದು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ.

ಆ ರವಿವಾರ ನಮ್ಮ ಮನೆಗೇ ಬಂದರು. ಆಯಿ ಮೊದಲು ಸಿಟ್ಟಾದಳು. ಅಕ್ಕೋರು ಕೇಳಿದ್ದು ಒಂದೇ ಮಾತು: "ಆಯಿ, ನಿಮಗ ಇದನ್ನ ಮೊದಲ ಯಾರ ಕೊಟ್ರು?"

ಆಯಿ ತನ್ನ ಡಬ್ಬಿ ತೆಗೆದು ಮುಂದಿಟ್ಟಳು. "ನಮ್ಮತ್ತಿ ಕೊಟ್ಲುವಾ. ಮದಿವ್ಯಾಗಿ ಬಂದಾಗ ನಾ ಇಕಿಗಿಂತ ಸಣ್ಣಾಕಿ. ತವರ ನೆನಸಿ ಅಳತಿದ್ನಿ. ಅಳೂದು ನಿಲ್ಲಲಿ ಅಂತ ಕೊಟ್ಲು."

ಅಕ್ಕೋರು ಆಯಿಯ ಕೈ ಹಿಡಿದು ಕೂತರು. ನನ್ನನ್ನು ವಿಜಯಪುರದ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ಯಲು ಆಯಿಯೇ ಒಪ್ಪಿದಳು. ಬಸ್ಸಿನಲ್ಲಿ ಸಿಕ್ಕ ಊರವರಿಗೆ ಅಕ್ಕೋರು, "ಕಣ್ಣ ತೋರಸಾಕ ಹೊಂಟೇವ್ರಿ" ಎಂದರು. ಅವರು ಸುಳ್ಳು ಹೇಳಿದ್ದನ್ನು ಕೇಳಿದ್ದು ಅದೊಂದೇ ಸಲ.

ಬಿಡುವುದು ಸಲೀಸಾಗಲಿಲ್ಲ. ಎರಡು ಸಲ ಬಿಟ್ಟು ಎರಡು ಸಲವೂ ಮತ್ತೆ ಡಬ್ಬಿಗೆ ಕೈ ಹಾಕಿದೆ. ಹೋಗಿ ಹೇಳಿದಾಗ ಅಕ್ಕೋರು ಮುಖ ಸಿಂಡರಿಸದೆ, "ಈ ಸಲ ಏನಾಗಿತ್ತು?" ಎಂದೇ ಕೇಳಿದರು. ಅವ್ವನ ಜೊತೆ ಫೋನಿನಲ್ಲಿ ತಾವೇ ಮಾತಾಡಿದರು. ದೀಪಾವಳಿಗೆ ಬಂದ ಅವ್ವ ತಿರುಗಿ ಗೋವಾಕ್ಕೆ ಹೋಗಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಬರೆಯುವಾಗ ನನ್ನ ಕೈ ನಡುಗಲಿಲ್ಲ. ಆಯಿ ಮಾತ್ರ ಕೊನೆಯವರೆಗೂ ಮಿಶ್ರಿ ಬಿಡಲಿಲ್ಲ.

ಅಕ್ಕೋರಿಗೆ ಆಮೇಲೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ನಾನೀಗ ಬಸವನ ಬಾಗೇವಾಡಿಯ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೇನೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ ತಾಳಿಕೋಟೆಯ ಮನೆಗೆ ಹೋದೆ. ಮನೆ ತುಂಬ ಜನ. ಅವರ ಮಗಳು ಎದ್ದು ಬಂದು, "ನೀವ್ಯಾರಂತ ಗೊತ್ತಾಗಲಿಲ್ರಿ" ಎಂದಳು. ಹೆಸರು ಹೇಳಿದೆ, ಊರು ಹೇಳಿದೆ. ಆದರೂ ಗುರುತು ಹತ್ತಲಿಲ್ಲ. ಇಷ್ಟು ವರ್ಷ ನನ್ನ ಮಾತನ್ನು ಅಕ್ಕೋರು ಆ ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಅವಳ ಪಕ್ಕ ಕೂತು, ಅಷ್ಟು ಜನರ ನಡುವೆ, ದನಿ ತಗ್ಗಿಸದೆ, ಡಬ್ಬಿ ಉರುಳಿದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ.